ಬಾಲ ಆಮೇಲೆ, ನೀರು ಮೊದಲು: ಯುರೋಪಿನ ಜಲಚೇತನಗಳ ಕಥೆಗಳನ್ನು ಗುರುತಿಸುವ ಬಗೆ

ಯುರೋಪಿನ ಜನಪದ ಕಥೆಯೊಂದರಲ್ಲಿ ಹೆಣ್ಣೊಬ್ಬಳು ನೀರಿನಿಂದ ಎದ್ದು ಬಂದರೆ ಸಾಕು, ಹೆಚ್ಚಿನವರು ಅವಳಿಗೊಂದು ಮೀನಿನ ಬಾಲ ಅಂಟಿಸಿ 'ಮತ್ಸ್ಯಕನ್ಯೆ' ಎಂದು ಬರೆದು ಮುಗಿಸುತ್ತಾರೆ. ವಿಂಗಡಣೆ ಕೆಡುವುದು ಅಲ್ಲೇ. ಪೂರ್ವ ಸ್ಲಾವರ ರುಸಾಲ್ಕಾಳಿಗೆ ಸಾಮಾನ್ಯವಾಗಿ ಬಾಲವಿಲ್ಲ. ಆರ್ಕ್ನಿ ದ್ವೀಪಗಳ ಸೆಲ್ಕಿ ನೀರಲ್ಲಿ ಪೂರಾ ಸೀಲ್, ದಡದಲ್ಲಿ ಪೂರಾ ಮನುಷ್ಯ. ಸ್ವೀಡನ್ನಿನ ನೆಕೆನ್ ಗಂಡು. ಪ್ರಾಚೀನ ಗ್ರೀಕ್ ಚಿತ್ರಗಳ ಸೈರನ್‌ಗಳಿಗಂತೂ ಹಕ್ಕಿಯ ಮೈ; ಮೀನಿನ ಬಾಲ ಅವಕ್ಕೆ ಬಂದದ್ದು ಮಧ್ಯಯುಗದಲ್ಲಿ.

ಹಾಗಾಗಿ ಕಥೆ ಕೈಗೆ ಸಿಕ್ಕಾಗ ಆಕಾರವನ್ನು ಕೊನೆಗಿಡಿ. ಮೊದಲು ನೀರು ಯಾವ ಬಗೆಯದು ಎಂದು ನೋಡಿ. ಆಮೇಲೆ ಆ ಜೀವ ಮನುಷ್ಯರಿಂದ ಏನು ಕೇಳುತ್ತದೆ, ಕಥೆ ಯಾವ ವಸ್ತುವಿನ ಅಥವಾ ಯಾವ ನಿಷೇಧದ ಮೇಲೆ ತಿರುಗುತ್ತದೆ, ಅದು ಬರಹಕ್ಕೆ ಇಳಿದದ್ದು ಯಾವಾಗ ಎಂದು ಕೇಳಿಕೊಳ್ಳಿ.

ನೀರು ಹರಿಯುತ್ತದೆಯೋ, ನಿಂತಿದೆಯೋ

ಸ್ಕಾಟ್ಲೆಂಡಿನ ಕುದುರೆ ರೂಪದ ಚೇತನಗಳನ್ನು ಬೇರ್ಪಡಿಸಲು ಬಹುಪಾಲು ಈ ಒಂದು ಪ್ರಶ್ನೆಯೇ ಸಾಕು. ಹೊಳೆ, ತೊರೆಗಳದ್ದಾದರೆ ಕೆಲ್ಪಿ. ಸರೋವರ ಅಥವಾ ಕಡಲಿನ ಕೊಲ್ಲಿಯದ್ದಾದರೆ ಎಖ್ ಉಷ್ಕ. ಎರಡರ ಬೆನ್ನಿಗೂ ಸವಾರ ಅಂಟಿಕೊಳ್ಳಬಹುದು, ಆದ್ದರಿಂದ ಅಂಟುವ ಚರ್ಮವನ್ನು ಗುರುತಾಗಿ ನೆಚ್ಚಬೇಡಿ. ಕೆಲ್ಪಿಗೆ ಕಡಿವಾಣ ಹಾಕಿ ಕಲ್ಲು ಹೊರಿಸುವ ಕಥೆಗಳುಂಟು. ಎಖ್ ಉಷ್ಕದ ಮೇಲೆ ನೀರು ಕಾಣದ ಒಳನಾಡಿನಲ್ಲಿ ಸವಾರಿ ಮಾಡಬಹುದು. ನೀರಿನ ವಾಸನೆ ಬಡಿದ ಕೂಡಲೇ ಸವಾರನನ್ನು ಎಳೆದೊಯ್ದು ಯಕೃತ್ತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಿನ್ನುತ್ತದೆ. ಮರುದಿನ ದಡಕ್ಕೆ ಯಕೃತ್ತು ತೇಲಿ ಬಂದಿತೆಂದು ಕಥೆ ಹೇಳಿದರೆ ಅನುಮಾನವೇ ಬೇಡ. ಇದು ಚೆಲುವ ಯುವಕನ ವೇಷದಲ್ಲಿ ಬಂದಾಗ ಹುಡುಗಿಗೆ ಗುರುತು ಸಿಗುವುದು ಅವನ ತಲೆಗೂದಲಲ್ಲಿ ಸಿಕ್ಕಿದ ಮರಳು, ಪಾಚಿಗಳಿಂದ.

ಇಂಗ್ಲೆಂಡಿನ ಲ್ಯಾಂಕಾಷೈರ್ ಕಡೆಯ ಜೆನ್ನಿ ಗ್ರೀನ್‌ಟೀತ್ ನಿಂತ ನೀರಿನ ಹಸಿರು ಪದರದಡಿ ಇರುವವಳು; ಟೀಸ್ ನದಿಯ ಪೆಗ್ ಪೌಲರ್ ಅವಳ ಜಾತಿಯವಳೇ. ಇವರ ವಿಷಯದಲ್ಲಿ ಕಥೆ ಹುಡುಕಬೇಡಿ, ಮದುವೆಯೂ ಇಲ್ಲ, ಒಪ್ಪಂದವೂ ಇಲ್ಲ. ಮಕ್ಕಳನ್ನು ನೀರಿನಂಚಿನಿಂದ ದೂರವಿಡುವ ಬೆದರಿಕೆಗಳು ಇವು. ಹಾಗೆಂದೇ ಗುರುತು ಹಾಕಿಕೊಂಡು ಮುಂದೆ ಹೋಗಿ.

ನೀರಿಗೆ ಸಲ್ಲಬೇಕಾದದ್ದು

ನದಿಯಿಂದ 'ಗಳಿಗೆ ಬಂತು, ಮನುಷ್ಯ ಬರಲಿಲ್ಲ' ಎಂಬ ಕೂಗು ಕೇಳಿ, ಸ್ವಲ್ಪ ಹೊತ್ತಿಗೆ ಒಬ್ಬ ಓಡೋಡಿ ಬಂದು ಸತ್ತರೆ, ಅದು ರೈಡರ್ ಕ್ರಿಸ್ಟಿಯನ್‌ಸೆನ್ 1958ರಲ್ಲಿ ಪ್ರಕಟಿಸಿದ ಸಂಚಾರಿ ಐತಿಹ್ಯಗಳ (ಊರಿಂದೂರಿಗೆ ಹರಡುವ ಕಥೆಗಳ) ಪಟ್ಟಿಯ, ಚಿಕ್ಕದಾಗಿ ಎಂಎಲ್‌ನ, 4050ನೇ ಮಾದರಿ. ಇಲ್ಲಿ ಚೇತನಕ್ಕೆ ಮೈಯೇ ಇಲ್ಲದಿರಬಹುದು. ಮೈ ಕಾಣಲಿಲ್ಲವೆಂದು ಕಥೆಯನ್ನು ಪಕ್ಕಕ್ಕಿಟ್ಟರೆ ತಪ್ಪು ನಿಮ್ಮದು.

ಗಿರಣಿಯ ಕೊಳದ ಜಲಕನ್ಯೆ ನಿಕ್ಸಿ ಬಡ ಗಿರಣಿಯವನಿಗೆ ಸಂಪತ್ತು ಕೊಟ್ಟು, ಮನೆಯಲ್ಲಿ ಆಗಷ್ಟೇ ಹುಟ್ಟಿದ್ದನ್ನು ಬೇಡಿದರೆ ಅದು ಎಟಿಯು 316 (ಎಟಿಯು ಎಂದರೆ ಜನಪದ ಕಥೆಗಳ ಅಂತರರಾಷ್ಟ್ರೀಯ ಮಾದರಿಪಟ್ಟಿ). ಗ್ರಿಮ್ ಸಹೋದರರ ಸಂಗ್ರಹದಲ್ಲಿ ಇದು 181ನೇ ಕಥೆ. ಹಾಗೆ ಬೇಡಿದ ಮಗ ಬೆಳೆದು ಮದುವೆಯಾದ ಮೇಲೆ ನಿಕ್ಸಿ ಅವನನ್ನು ಕೊಳಕ್ಕೆ ಎಳೆದುಕೊಳ್ಳುತ್ತಾಳೆ; ಅವನ ಹೆಂಡತಿ ದಡದಲ್ಲಿ ಚಿನ್ನದ ಬಾಚಣಿಗೆ ಇಟ್ಟಾಗ ಗಂಡನ ತಲೆ ಮಾತ್ರ ನೀರಿನಿಂದ ಮೇಲೇಳುತ್ತದೆ, ಚಿನ್ನದ ಕೊಳಲಿಗೆ ಅರ್ಧ ಮೈ, ಚಿನ್ನದ ರಾಟೆಗೆ ಇಡೀ ಮೈ.

ನಾರ್ವೆಯ ಜಲಪಾತದ ಚೇತನ ಫೊಸ್ಸೆಗ್ರಿಮ್‌ನ ವ್ಯವಹಾರ ಇನ್ನೂ ಖಚಿತ. ಪಿಟೀಲು ಕಲಿಯಬೇಕೆಂದವನು ಗುರುವಾರ ಸಂಜೆ ಬಿಳಿ ಹೋತದ ಮರಿಯನ್ನು, ಮುಖ ಬೇರೆ ಕಡೆ ತಿರುಗಿಸಿಕೊಂಡು, ಉತ್ತರಕ್ಕೆ ಹರಿಯುವ ಜಲಪಾತಕ್ಕೆ ಎಸೆಯಬೇಕು. ಕೊಟ್ಟ ಬಲಿ ಬಡಕಲಾಗಿದ್ದರೆ ಶಿಷ್ಯನಿಗೆ ಪಿಟೀಲನ್ನು ಶ್ರುತಿ ಮಾಡಲು ಮಾತ್ರ ಬರುತ್ತದೆ, ನುಡಿಸಲು ಬರುವುದಿಲ್ಲ. ಇಂಥ ವಿವರಗಳನ್ನು ಅಲಂಕಾರವೆಂದು ಕತ್ತರಿಸಬೇಡಿ. ದಿನ, ದಿಕ್ಕು, ಪ್ರಾಣಿ ಕಥೆಯ ಒಂದೊಂದು ಪಾಠದಲ್ಲಿ (ರೂಪದಲ್ಲಿ) ಬದಲಾಗುತ್ತವೆ; ಪಾಠಾಂತರಗಳನ್ನು ಹೋಲಿಸಲು ಬೇಕಾಗುವುದೇ ಅವು.

ವಸ್ತು ಮತ್ತು ನಿಷೇಧ

ಮದುವೆಯ ಕಥೆಗಳಲ್ಲಿ ಗೊಂದಲ ಅತಿ ಹೆಚ್ಚು. ಹೆಣ್ಣನ್ನು ದಡದಲ್ಲಿ ಕಟ್ಟಿಹಾಕಿದ್ದು ಏನು ಎಂದು ಕೇಳಿ. ಬಚ್ಚಿಟ್ಟ ಸೀಲ್ ಚರ್ಮವಾದರೆ ಎಂಎಲ್ 4080, ಸೆಲ್ಕಿಯ ಕಥೆ. ಐರ್ಲೆಂಡಿನ ಕಡಲಕನ್ಯೆ ಮೆರೋ ಆದರೆ ಬಚ್ಚಿಡುವುದು ಟೋಪಿಯನ್ನು. ಹೆಣಿಗೆ ಒಂದೇ, ವಸ್ತು ಬೇರೆ, ಜೀವವೂ ಬೇರೆ. ವಸ್ತುವನ್ನು ಎಲ್ಲಿ ಬಚ್ಚಿಟ್ಟಿದ್ದರು, ಯಾರು ಕಂಡುಹಿಡಿದರು (ಹಲವು ಸಲ ಮನೆಯ ಮಗುವೇ), ಕಡಲಲ್ಲಿ ಅವಳಿಗೆ ಮೊದಲೇ ಗಂಡನಿದ್ದನೇ ಎಂಬ ಮೂರನ್ನೂ ಬರೆದುಕೊಳ್ಳಿ. ಹಂಸಕನ್ಯೆಯ ಕಥೆಯೂ ಹೀಗೇ ಶುರುವಾಗುತ್ತದೆ, ಆದರೆ ಎಟಿಯು 400ರಲ್ಲಿ ಗಂಡ ಹುಡುಕಿಕೊಂಡು ಹೊರಟು ಹೆಂಡತಿಯನ್ನು ಮರಳಿ ಪಡೆಯುತ್ತಾನೆ. ಸೆಲ್ಕಿಯ ಗಂಡ ದಡದಲ್ಲೇ ಉಳಿಯುತ್ತಾನೆ. ಅಂತ್ಯ ಓದದೆ ಸಂಖ್ಯೆ ಹಾಕಿದರೆ ಎಡವುವುದು ಇಲ್ಲೇ.

ವಸ್ತುವಿಲ್ಲದೆ ಷರತ್ತಷ್ಟೇ ಇದ್ದರೆ ಅದನ್ನು ಮಾತು ಬಿಡದೆ ನಕಲು ಮಾಡಿಕೊಳ್ಳಿ. ಫ್ರಾನ್ಸಿನ ಪ್ವಾತೂ ಪ್ರಾಂತ್ಯದ ಲೂಸಿನ್ಯಾನ್ ವಂಶದ ಮೂಲತಾಯಿ, ಶನಿವಾರ ಸೊಂಟದಿಂದ ಕೆಳಗೆ ಸರ್ಪವಾಗುವ ಮೆಲ್ಯುಸೀನ್ ಆ ದಿನ ತನ್ನನ್ನು ನೋಡಬಾರದೆಂದು ಗಂಡನಿಗೆ ಹೇಳುತ್ತಾಳೆ. ಕಥೆಗಳ ಆಶಯಗಳನ್ನು ಪಟ್ಟಿಮಾಡುವ ಥಾಂಪ್ಸನ್ ಸೂಚಿಯಲ್ಲಿ ಇದು ಸಿ31.1.2. ಗಂಡ ಕದ್ದು ನೋಡಿದ್ದರಿಂದಲೇ ಅವಳು ಹೊರಟುಹೋದಳೆಂದು ಸಂಕ್ಷಿಪ್ತ ಪಾಠಗಳು ಹೇಳುತ್ತವೆ. ಝಾನ್ ದಾರಾಸ್ 1393ರ ಸುಮಾರಿಗೆ ಮುಗಿಸಿದ ಪಾಠದಲ್ಲಿ ಹಾಗಿಲ್ಲ: ನೋಡಿದ್ದನ್ನು ಅವಳು ಸಹಿಸುತ್ತಾಳೆ, ಎಲ್ಲರ ಎದುರು ಅವನು ಅವಳನ್ನು ಸರ್ಪವೆಂದು ಬೈದಾಗಲೇ ಹಾರಿಹೋಗುತ್ತಾಳೆ. ಮೀನಲ್ಲ, ಸರ್ಪ ಎಂಬುದೂ ಗಮನದಲ್ಲಿರಲಿ. ವೇಲ್ಸಿನ ಲಿನ್ ಅ ವಾನ್ ವಾಖ್ ಸರೋವರದ ವಧುವಿನ ಷರತ್ತು ಕಾರಣವಿಲ್ಲದ ಮೂರು ಏಟು; ಮೂರನೆಯದು ಬಿದ್ದರೆ ಅವಳು ಹೊರಟುಹೋಗುತ್ತಾಳೆ. ಇಲ್ಲಿ 'ಏಟು' ಎಂದರೆ ಮೆಲ್ಲಗೆ ತಟ್ಟಿದರೂ ಲೆಕ್ಕಕ್ಕೆ ಬರುತ್ತದೆ. ಕ್ರೂರ ಗಂಡನ ಕಥೆಯೆಂದು ಓದಿದರೆ ದಾರಿ ತಪ್ಪುತ್ತದೆ. ಅವಳು ಹೋಗುವಾಗ ತಂದಿದ್ದ ದನಕರುಗಳೂ ಹಿಂದೆಯೇ ನೀರಿಗಿಳಿಯುತ್ತವೆ.

ರುಸಾಲ್ಕಾಳಿಗೆ ಬೇಕಾದದ್ದು ಕ್ಯಾಲೆಂಡರ್

ರುಸಾಲ್ಕಾ ನೀರಿನಲ್ಲಿ ಹುಟ್ಟಿದ ಜೀವವಲ್ಲ. ಮುಳುಗಿ ಸತ್ತ, ಮದುವೆಗೆ ಮೊದಲೇ ಸತ್ತ ಹೆಣ್ಣು, ಅಥವಾ ದೀಕ್ಷಾಸ್ನಾನವಿಲ್ಲದೆ ಸತ್ತ ಮಗು. ಅಕಾಲದಲ್ಲಿ ಸತ್ತವರ ಜೊತೆ ಅವಳನ್ನಿಟ್ಟು ನೋಡುವ ದಾರಿಯನ್ನು ಭದ್ರಪಡಿಸಿದ್ದು ರಷ್ಯದ ಜನಪದ ವಿದ್ವಾಂಸ ದ್ಮಿತ್ರಿ ಝೆಲೆನಿನ್‌ನ 1916ರ ಅಧ್ಯಯನ. ಈಸ್ಟರ್ ಕಳೆದ ಏಳನೇ ಗುರುವಾರದ ಸೆಮಿಕ್ ಹಬ್ಬ ಮತ್ತು ಟ್ರಿನಿಟಿ ಹಬ್ಬದ ಸುತ್ತಮುತ್ತಲ ವಾರದಲ್ಲಿ ಅವಳು ನೀರು ಬಿಟ್ಟು ಹೊಲಕ್ಕೆ, ಭೂರ್ಜದ ಕೊಂಬೆಗಳಿಗೆ ಬರುತ್ತಾಳೆ. ಆಗ ಎದುರಾದವರನ್ನು ಕೈಯಲ್ಲಿರುವುದು ಮಾಚಿಪತ್ರೆಯೋ ಪಾರ್ಸ್ಲಿಯೋ ಎಂದು ಕೇಳುತ್ತಾಳೆ. ಮಾಚಿಪತ್ರೆ ಎಂದರೆ ಬಚಾವು, ಪಾರ್ಸ್ಲಿ ಎಂದರೆ ಕಚಗುಳಿಯಿಟ್ಟೇ ಕೊಲ್ಲುತ್ತಾಳೆ. ಕಥೆ ನಡೆಯುವ ವಾರ ಬರೆದುಕೊಳ್ಳದಿದ್ದರೆ ಅವಳು ಹೊಲದಲ್ಲೇಕೆ ಇದ್ದಾಳೆಂಬುದೇ ಅರ್ಥವಾಗದು. 1901ರಲ್ಲಿ ಪ್ರಾಗ್‌ನಲ್ಲಿ ರಂಗಕ್ಕೆ ಬಂದ, ಚೆಕ್ ಸಂಗೀತಕಾರ ದ್ವೊರ್ಝಾಕ್‌ನ ಒಪೆರಾದ ರುಸಾಲ್ಕಾಳನ್ನು ಈ ಸಾಲಿಗೆ ಸೇರಿಸಬೇಡಿ. ಹೆಸರು ಸ್ಲಾವಿಕ್, ಕಥೆಯ ಮೂಳೆ ಸಾಹಿತ್ಯದ್ದು. ಚೆಕ್ ಜನಪದಕ್ಕೆ ಸೇರಿದ ವೊದ್ನೀಕ್ ಬೇರೆಯೇ: ಕೋಟಿನ ಅಂಚಿನಿಂದ ಸದಾ ನೀರು ತೊಟ್ಟಿಕ್ಕುವ ಗಂಡು, ಮುಳುಗಿದವರ ಆತ್ಮಗಳನ್ನು ಕೊಳದಡಿ ಬೋರಲು ಹಾಕಿದ ಗಡಿಗೆಗಳಲ್ಲಿ ಇಟ್ಟಿರುತ್ತಾನೆ.

ಇಸವಿ ನೋಡದೆ ನಂಬಬೇಡಿ

ರೈನ್ ನದಿಯ ಬಂಡೆಯ ಮೇಲೆ ಕೂತು ನಾವಿಕರನ್ನು ಸೆಳೆಯುವ ಲೋರೆಲೈ ಪ್ರಾಚೀನ ಐತಿಹ್ಯವೆಂದು ಪ್ರವಾಸಿ ಕರಪತ್ರಗಳು ಹೇಳುತ್ತವೆ. ಬಂಡೆ ಹಳೆಯದು, ಅದರ ಪ್ರತಿಧ್ವನಿಯೂ ಹಳೆಯದು, ಆದರೆ ಹೆಣ್ಣು ಬಂದದ್ದು ಜರ್ಮನ್ ಕವಿ ಬ್ರೆಂಟಾನೊನ 1801ರ ಕವಿತೆಯಲ್ಲಿ. ಹೈನೆಯ 1824ರ ಕವಿತೆ ಅವಳನ್ನು ಮನೆಮಾತಾಗಿಸಿತು. ಕಾರ್ನ್‌ವಾಲ್‌ನ ಝೆನ್ನೋರ್ ಚರ್ಚಿನ ಬೆಂಚಿನ ಮೇಲೆ ಬಾಚಣಿಗೆ, ಕನ್ನಡಿ ಹಿಡಿದ ಮತ್ಸ್ಯಕನ್ಯೆಯ ಕೆತ್ತನೆಯಿದೆ, ಅದು ಮಧ್ಯಯುಗದ ಕೊನೆಯದ್ದು. ಹಾಡುಗಾರನನ್ನು ಅವಳು ಒಯ್ದ ಕಥೆ ಅಚ್ಚಾದದ್ದು 1873ರಲ್ಲಿ. ಕೆತ್ತನೆಯ ವಯಸ್ಸನ್ನು ಕಥೆಗೆ ಕೊಡಬೇಡಿ.

ಆತ್ಮದ ವಿಷಯಕ್ಕೆ ಎರಡು ಪಟ್ಟು ಎಚ್ಚರ ಬೇಕು. ಮನುಷ್ಯನನ್ನು ಮದುವೆಯಾದರೆ ಜಲಕನ್ಯೆಗೆ ಆತ್ಮ ಸಿಗುತ್ತದೆಂಬ ವಿಚಾರ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ ಬರೆದ, ಅವನು ಸತ್ತ ಮೇಲೆ 1566ರಲ್ಲಿ ಅಚ್ಚಾದ ಗ್ರಂಥದಲ್ಲಿದೆ. ಅಲ್ಲಿಂದ ಜರ್ಮನ್ ಲೇಖಕ ಫೂಕೆಯ 1811ರ ಕಥೆ 'ಉಂಡೀನೆ'ಗೆ ಬಂತು, ಆತ್ಮದ ಹಂಬಲವನ್ನು 1837ರಲ್ಲಿ ಪುಟ್ಟ ಮತ್ಸ್ಯಕನ್ಯೆಯ ಕಥೆ ಬರೆದ ಆಂಡರ್ಸನ್ ಬೇರೆ ದಾರಿಗೆ ಹೊರಳಿಸಿದ. ಇದಾದ ಮೇಲೆ ಸಂಗ್ರಹವಾದ ಕಥೆಯಲ್ಲಿ ಈ ಆಶಯ ಕಂಡರೆ ಪುಸ್ತಕದ ಪ್ರಭಾವವನ್ನು ಶಂಕಿಸಿ. ಆದರೆ ನದಿಯಲ್ಲಿ ನುಡಿಸುತ್ತಿದ್ದ ನೆಕೆನ್‌ಗೆ ಪಾದ್ರಿ 'ನನ್ನ ಕೋಲು ಚಿಗುರಿದಾಗ ನಿನಗೆ ಮುಕ್ತಿ' ಎಂದು ಹಂಗಿಸಿ, ಕೋಲು ಚಿಗುರಿಬಿಡುವ ಸ್ಕ್ಯಾಂಡಿನೇವಿಯನ್ ಐತಿಹ್ಯವನ್ನು ಇದರೊಳಗೆ ಸೇರಿಸಬೇಡಿ. ಅಲ್ಲಿ ಮದುವೆಯಿಲ್ಲ, ಕೇಳುವುದು ಮುಕ್ತಿಯನ್ನು; ಅದು ಎಂಎಲ್ 5050.

ಕಥೆಯೊಂದಕ್ಕೆ ವಿಂಗಡಣೆಯ ಚೀಟಿ ಬರೆಯುವಾಗ ಊರು, ಹೇಳಿದವರು ಬಳಸಿದ ಹೆಸರು, ಕೇಳಿ ಬರೆದ ವರ್ಷ, ಅಚ್ಚಾದ ವರ್ಷ ಇವು ಬೇರೆಬೇರೆ ಸಾಲಿನಲ್ಲಿರಲಿ. ಥಾಂಪ್ಸನ್ ಸೂಚಿಯಲ್ಲಿ ಜಲಚೇತನಗಳಿಗೆ ಎಫ್420, ಮೀನಿನ ಬಾಲದವಳಿಗೆ ಬಿ81. ಬಾಲ ಪಠ್ಯದಲ್ಲೇ ಇದ್ದರೆ ಮಾತ್ರ ಬಿ81 ಹಾಕಿ, ಪುಸ್ತಕದ ಚಿತ್ರದಲ್ಲಿ ಇದ್ದರೆ ಸಾಲದು. ಎರಡು ಮಾದರಿಗಳು ಹೊಂದಿದರೆ ಎರಡೂ ಸಂಖ್ಯೆ ಬರೆಯಿರಿ.