ರಾತ್ರಿಯ 15 ನಿಮಿಷದ ಕೃತಜ್ಞತಾ ಧ್ಯಾನ: ಎಲ್ಲಿ ತಪ್ಪುತ್ತದೆ

ಮಲಗುವ ಮುಂಚೆ ದಿನವನ್ನು ದೇವರ ಮುಂದೆ ತಿರುಗಿ ನೋಡುವ ಕ್ರಮವನ್ನು 16ನೇ ಶತಮಾನದಲ್ಲಿ ಕ್ಯಾಥೋಲಿಕ್ ಸಂತ ಇಗ್ನೇಷಿಯಸ್ ಲೊಯೋಲಾ ಐದು ಹಂತಗಳಲ್ಲಿ ಕಲಿಸಿದರು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮಾಯಾಚನೆ, ನಾಳೆಯ ನಿರ್ಧಾರ. ಯಾವ ಕ್ರೈಸ್ತ ಸಭೆಯವರಾದರೂ ಮಾಡಬಹುದು. ಆದರೆ ಬಹಳ ಜನ ಮೊದಲ ಹಂತ ಹಾರಿಸಿ ನೇರವಾಗಿ ತಪ್ಪುಗಳನ್ನು ಎಣಿಸಲು ಕೂಡುತ್ತಾರೆ. ಆಗ ಪ್ರಾರ್ಥನೆ ಕೋರ್ಟಿನ ವಿಚಾರಣೆಯಂತಾಗಿ, ಬೇಗ ಬೇಸರ ಬಂದು ಬಿಟ್ಟುಹೋಗುತ್ತದೆ.

15 ನಿಮಿಷದಲ್ಲಿ 5 ನಿಮಿಷ ಕೃತಜ್ಞತೆಗೇ ಇಡಿ. "ಎಲ್ಲದಕ್ಕೂ ಸ್ತೋತ್ರ" ಅಂತ ಒಂದೇ ಮಾತಿಗೆ ಮುಗಿಸಬೇಡಿ. ಮೂರೇ ಸಂಗತಿ ಸಾಕು, ಆದರೆ ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಇರಲಿ: ಮಧ್ಯಾಹ್ನ ಕಾಲುವೆಗೆ ನೀರು ಬಂದದ್ದು, ಸಿಂಧನೂರು ಬಸ್ಸಿನಲ್ಲಿ ಒಬ್ಬರು ಸೀಟು ಬಿಟ್ಟುಕೊಟ್ಟದ್ದು. ವಿವರವಿದ್ದರೆ ಮಾತ್ರ ಮನಸ್ಸು ಅಲ್ಲಿ ನಿಲ್ಲುತ್ತದೆ.

ರಾಯಚೂರಿನ ಬೇಸಿಗೆಯಲ್ಲಿ ಒಳಗೆ ಕೂತರೆ ಗಮನವೆಲ್ಲ ಸೆಕೆಯ ಮೇಲೆಯೇ. ಮಾಳಿಗೆಯ ಮೇಲೆ ಚಾಪೆ ಹಾಕಿ, ಕೂತೇ ಮಾಡಿ. ಮಲಗಿದರೆ ಅವಲೋಕನಕ್ಕೆ ಬರುವಷ್ಟರಲ್ಲಿ ನಿದ್ದೆ. ಮೊಬೈಲ್ ಕೆಳಗೇ ಇರಲಿ. ತೋರಣಗಲ್ಲು, ಶಕ್ತಿನಗರದ ನೈಟ್ ಶಿಫ್ಟಿನವರು ಬೆಳಿಗ್ಗೆ ಸ್ನಾನ ಮುಗಿಸಿ, ಮಲಗುವ ಮುಂಚೆ ಮಾಡಲಿ.

ಸಾವು, ಸಾಲದ ಚಿಂತೆ ಇರುವ ದಿನ ಕೃತಜ್ಞತೆಯನ್ನು ಬಲವಂತದಿಂದ ಹೊರಡಿಸಬೇಡಿ. ಬೈಬಲಿನ 13ನೇ ಕೀರ್ತನೆ ಓದಿ: ಆರೇ ವಚನ, ಗೋಳಿನಿಂದ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. ಆಮೇಲೆ ಸುಮ್ಮನೆ ಕೂಡಿ.

ನಾಳೆಯ ನಿರ್ಧಾರ ಒಂದೇ ಇರಲಿ, ಸಣ್ಣದಿರಲಿ: ಇಂಥವರಿಗೆ ಬೆಳಿಗ್ಗೆ ಫೋನ್ ಮಾಡುತ್ತೇನೆ ಎಂಬಷ್ಟು.