ಡೆವಿಲ್ಸ್ ಲೇಕ್‌ನಲ್ಲಿ ಒಂದು ದಿನ: ಹತ್ತುವ ದಾರಿ ಬೇರೆ, ಇಳಿಯುವ ದಾರಿ ಬೇರೆ

ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಾಗ ಶಿಕಾಗೊ, ಮ್ಯಾಡಿಸನ್ ಸುತ್ತಿನ ಕನ್ನಡದವರು ವಿಸ್ಕಾನ್ಸಿನ್‌ನ ಬ್ಯಾರಬೂ ಪಕ್ಕದ ಡೆವಿಲ್ಸ್ ಲೇಕ್ ಸ್ಟೇಟ್ ಪಾರ್ಕ್‌ಗೆ ಹೊರಡುವುದುಂಟು. 1911ರಲ್ಲಿ ಆದ ಈ ಪಾರ್ಕ್ ಒಂದು ದಿನಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಹನ್ನೊಂದಕ್ಕೆ ತಲುಪಿ, ಊಟ ಮುಗಿಸಿ, ಸುಡು ಬಿಸಿಲಲ್ಲಿ ಚಪ್ಪಲಿ ಹಾಕಿಕೊಂಡು ಗುಡ್ಡ ಹತ್ತಿದರೆ ದಿನವೇ ಕೆಡುತ್ತದೆ. ಕ್ರಮ ತಿರುಗಿಸಿ: ಮೊದಲು ಗುಡ್ಡ, ಆಮೇಲೆ ಊಟ, ಕೊನೆಗೆ ನೀರು.

1. ಬೇಗ ತಲುಪಿ

ಪಾರ್ಕ್ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಬೇಸಿಗೆಯ ಶನಿವಾರ, ಭಾನುವಾರ ಒಂಬತ್ತರೊಳಗೆ ದಕ್ಷಿಣ ದಂಡೆಯ ಪಾರ್ಕಿಂಗ್‌ನಲ್ಲಿರಿ. ಶಿಕಾಗೊದಿಂದ ಮೂರು ಗಂಟೆಗೂ ಮೇಲಿನ ದಾರಿ. ಅಕ್ಟೋಬರ್‌ನಲ್ಲಿ ಎಲೆ ಬಣ್ಣಕ್ಕೆ ತಿರುಗಿದಾಗ ನೂಕುನುಗ್ಗಲು ಇನ್ನೂ ಹೆಚ್ಚು. ಆಗ ವಾರದ ನಡುವೆ ಹೋಗುವುದೇ ಸರಿ. ಕಾರಿಗೆ ಪ್ರವೇಶದ ಸ್ಟಿಕ್ಕರ್ ಕಡ್ಡಾಯ, ಹೊರರಾಜ್ಯದ ಗಾಡಿಗೆ ದರ ಹೆಚ್ಚು. ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ.

2. ಗುಡ್ಡ

ಜನ ಎಡವುವುದು ಇಲ್ಲೇ. ಕೆರೆಯ ಮೇಲೆ ಸುಮಾರು 500 ಅಡಿ ಎತ್ತರಕ್ಕೆ ಏಳುವ ಬಂಡೆಗೋಡೆಗಳು ಕ್ವಾರ್ಟ್‌ಜೈಟ್ ಶಿಲೆಯವು. ಗಟ್ಟಿ ಕಲ್ಲು, ಸಾವಿರಾರು ಶೂಗಳು ಉಜ್ಜಿದರೆ ಸವೆದು ಒರಟಾಗುವುದಿಲ್ಲ, ನುಣುಪಾಗುತ್ತದೆ. ಬೆಳಗಿನ ಇಬ್ಬನಿ ಅಥವಾ ಮಳೆಹನಿ ಬಿದ್ದರೆ ಜಾರುತ್ತದೆ. ರಾತ್ರಿ ಮಳೆಯಾಗಿದ್ದರೆ ಕಲ್ಲು ಒಣಗುವವರೆಗೆ ಕಾಯಿರಿ. ಹಿಡಿತವಿರುವ ರಬ್ಬರ್ ಅಡಿಯ ಶೂ ಬೇಕು. ಕ್ರಾಕ್ಸ್, ಹವಾಯಿ ಚಪ್ಪಲಿ ಕಾರಲ್ಲೇ ಇರಲಿ.

ದಕ್ಷಿಣ ದಂಡೆಯಿಂದ ರೈಲು ಹಳಿ ದಾಟಿದರೆ ಬ್ಯಾಲೆನ್ಸ್ಡ್ ರಾಕ್ ಎಂಬ ಬಂಡೆಗೆ ಹತ್ತುವ ಬ್ಯಾಲೆನ್ಸ್ಡ್ ರಾಕ್ ಟ್ರೇಲ್ (ಕಾಲುದಾರಿ). ಉದ್ದ ಬರೀ 0.4 ಮೈಲಿ. ಈ ಅಂಕಿ ನೋಡಿ ಮೋಸ ಹೋಗಬೇಡಿ. ಗುಡ್ಡದ ಎತ್ತರವೆಲ್ಲ ಇಷ್ಟರಲ್ಲೇ ಇದೆ. ಮೆಟ್ಟಿಲುಗಳು ಒಂದೊಂದು ಒಂದೊಂದು ಎತ್ತರ, ಹಿಡಿದುಕೊಳ್ಳಲು ಕಂಬಿ ಇಲ್ಲ. ಹತ್ತುವಾಗ ಮುಂದಿನ ಮೆಟ್ಟಿಲು ಕಣ್ಣೆದುರಿಗಿರುತ್ತದೆ, ಬೇಕಾದರೆ ಕೈಯೂರಬಹುದು. ಇಳಿಯುವಾಗ ಭಾರವೆಲ್ಲ ಮಂಡಿಯ ಮೇಲೆ. ಸಾಲದ್ದಕ್ಕೆ ಕೆಳಗಿನಿಂದ ಏರಿ ಬರುವವರಿಗೆ ದಾರಿ ಬಿಡಬೇಕು. ಹಾಗಾಗಿ ಇದನ್ನು ಹತ್ತಲು ಮಾತ್ರ ಬಳಸಿ.

ಬಂಡೆ ನೋಡಿದ ಮೇಲೆ ಪೂರ್ವದ ಕಡೆಗೆ ಗುಡ್ಡದ ಅಂಚಿನಲ್ಲಿ ನಡೆಯಿರಿ. ನಡುವೆ ಪಾಟ್‌ಹೋಲ್ಸ್ ಟ್ರೇಲ್ ಕೆಳಗೆ ಕರೆಯುತ್ತದೆ. ಬೇಗ ಇಳಿಯಬಹುದೆಂಬ ಆಸೆಗೆ ಬೀಳಬೇಡಿ, ಅದೂ ಅಷ್ಟೇ ಕಡಿದು. ಮುಂದೆ ಡೆವಿಲ್ಸ್ ಡೋರ್‌ವೇ ಎಂಬ ಬಂಡೆಬಾಗಿಲಿಗೆ ಸಣ್ಣ ಕವಲುದಾರಿ ಇದೆ. ಅಂಚಿಗೆ ತಡೆ ಇಲ್ಲ, ಮಕ್ಕಳ ಕೈ ಹಿಡಿದೇ ಇರಿ. ಅದಾದ ಮೇಲೆ ಸಿಸಿಸಿ ಟ್ರೇಲ್. 0.3 ಮೈಲಿಯ ಇದೂ ಕಷ್ಟದ್ದೇ, ಆದರೆ ಮೂರರಲ್ಲಿ ಇಳಿಯಲು ಇದೇ ವಾಸಿ. ಕೆಳಗೆ ಗ್ರಾಟೋಸ್ ಟ್ರೇಲ್ ಹಿಡಿದು ಪಶ್ಚಿಮಕ್ಕೆ ನಡೆದರೆ ಹೊರಟಲ್ಲಿಗೇ ಬರುತ್ತೀರಿ. ಮಕ್ಕಳೊಂದಿಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಮೇಲೆ ನೀರೂ ಇಲ್ಲ, ಶೌಚಾಲಯವೂ ಇಲ್ಲ. ತಲೆಗೆ ಒಂದು ಲೀಟರ್ ನೀರು ಒಯ್ಯಿರಿ.

ಮಂಡಿನೋವಿನ ಹಿರಿಯರನ್ನು ಒತ್ತಾಯಿಸಿ ಹತ್ತಿಸಬೇಡಿ. ಪಶ್ಚಿಮ ದಂಡೆಯ ಟಂಬಲ್ಡ್ ರಾಕ್ಸ್ ಟ್ರೇಲ್ ಸುಮಾರು ಒಂದು ಮೈಲಿ, ಹೆಚ್ಚುಕಡಿಮೆ ಸಮತಟ್ಟು. ಪಕ್ಕದಲ್ಲೇ ನೀರು, ಸುತ್ತ ಬಂಡೆರಾಶಿ.

ಪೂರ್ವ ದಂಡೆಯ ರೈಲು ಹಳಿ ಉತ್ತರ ದಂಡೆಗೆ ಅಡ್ಡದಾರಿಯಂತೆ ಕಾಣುತ್ತದೆ. ಅದರ ಮೇಲೆ ನಡೆಯಲೇಬೇಡಿ. ರೈಲು ಈಗಲೂ ಓಡುತ್ತದೆ.

3. ಊಟ

ಪುಳಿಯೋಗರೆ, ಚಪಾತಿ ಪಲ್ಯ ಸಾಕು. ಮೊಸರನ್ನ ತಂದರೆ ಐಸ್ ಡಬ್ಬಿಯಲ್ಲಿರಲಿ. ಪಾತ್ರೆಯನ್ನು ಕೆರೆಯಲ್ಲಿ ತೊಳೆಯಬೇಡಿ: ಹಿಮನದಿ ತಂದು ಸುರಿದ ಮಣ್ಣುಕಲ್ಲು ಕಣಿವೆಯ ಎರಡೂ ಬಾಯಿ ಮುಚ್ಚಿ ಆದ ಕೆರೆ ಇದು, ಹೊರಗೆ ಹರಿದುಹೋಗುವ ತೊರೆ ಇಲ್ಲ. ದಕ್ಷಿಣ ದಂಡೆಯಲ್ಲಿ ಹಕ್ಕಿಯಾಕಾರದ ಮಣ್ಣುದಿಬ್ಬ ಕಾಣುತ್ತೀರಿ. ಮೂಲನಿವಾಸಿಗಳ ಪವಿತ್ರ ಜಾಗವದು. ಮಕ್ಕಳನ್ನು ಹತ್ತಲು ಬಿಡಬೇಡಿ, ಚಾಪೆ ಹಾಸಬೇಡಿ.

4. ನೀರಿಗಿಳಿಯುವುದು

ಲೈಫ್‌ಗಾರ್ಡ್ ಇಲ್ಲ. ಮಕ್ಕಳ ತೋಳಿಗೆ ಕಟ್ಟುವ ಗಾಳಿಚೀಲಗಳನ್ನು ನೆಚ್ಚಬೇಡಿ. ಕೋಸ್ಟ್ ಗಾರ್ಡ್ ಮುದ್ರೆಯ ಲೈಫ್ ಜಾಕೆಟ್ಟೇ ಬೇಕು. ಮೊಣಕಾಲುದ್ದದ ನೀರಲ್ಲಿ ಗಂಟೆಗಟ್ಟಲೆ ಕೂತ ಮಕ್ಕಳಿಗೆ ಮೈಮೇಲೆ ಕೆಂಪು ಗುಳ್ಳೆ ಎದ್ದು ತುರಿಸುವುದುಂಟು. ಬಸವನಹುಳುವಿನಿಂದ ಹೊರಬಂದು ಬಾತುಕೋಳಿಯನ್ನು ಹುಡುಕುವ ಪರಾವಲಂಬಿಯ ಮರಿ ತಪ್ಪಿ ನಮ್ಮ ಚರ್ಮ ಹೊಕ್ಕು ಸಾಯುವುದರಿಂದ ಹೀಗಾಗುತ್ತದೆ. ಅಪಾಯವಿಲ್ಲ, ಆದರೆ ಹಿಂಸೆ. ನೀರಿನಿಂದ ಎದ್ದ ತಕ್ಷಣ ಟವೆಲಿನಿಂದ ಗಟ್ಟಿಯಾಗಿ ಒರೆಸಿ; ಬಿಸಿಲಲ್ಲಿ ತಾನಾಗಿ ಒಣಗಲಿ ಎಂದು ಬಿಡಬೇಡಿ.

5. ಉಣುಗು

ಮಲೆನಾಡಿನವರಿಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ. ಇಲ್ಲಿನ ಜಿಂಕೆ ಉಣುಗು ಲೈಮ್ ಕಾಯಿಲೆ ಹರಡುತ್ತದೆ. ಉಣುಗು ದೂರವಿಡುತ್ತವೆಂದು ಮಾರುವ ಸುವಾಸನೆಯ ಕೈಪಟ್ಟಿಗಳಿಗೆ ದುಡ್ಡು ಸುರಿಯಬೇಡಿ. ಡೀಟ್ ಅಥವಾ ಪಿಕಾರಿಡಿನ್ ಇರುವ ಸ್ಪ್ರೇ ಕೊಳ್ಳಿ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಚರ್ಮಕ್ಕೆ ತುರಿಕೆ ತರುವ ಮೂರೆಲೆಯ ಪಾಯ್ಸನ್ ಐವಿ ಗಿಡ ತಗುಲಿದರೆ ಕೂಡಲೇ ಸೋಪು ಹಚ್ಚಿ ತೊಳೆಯಿರಿ. ಮನೆಗೆ ಬಂದು ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಮಕ್ಕಳ ನೆತ್ತಿ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಎಣ್ಣೆ, ಬೆಂಕಿಕಡ್ಡಿ ಬೇಡ. ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ನಂತರದ ವಾರಗಳಲ್ಲಿ ಜ್ವರ ಬಂದರೆ ಅಥವಾ ಕಚ್ಚಿದ ಜಾಗದಲ್ಲಿ ಕೆಂಪು ಹರಡುತ್ತಿದ್ದರೆ ವೈದ್ಯರಿಗೆ ತೋರಿಸಿ, ಪಾರ್ಕ್‌ಗೆ ಹೋದ ದಿನವನ್ನೂ ಹೇಳಿ.