ಫೋಟೊ ತೆಗೆದವರ ಕಾಲು ಎಲ್ಲಿತ್ತು?

ಹೋದ ಮಳೆಗಾಲದಲ್ಲಿ ಆರು ವಾರ ನಾನು ಕ್ಯಾಮೆರಾ ಮುಟ್ಟಲಿಲ್ಲ. ಮಳೆ ನೆಪ ಅಷ್ಟೆ, ನಿಜವಾದ ಕಾರಣ ಬೇಸರ. ಹಾರ್ಡ್ ಡಿಸ್ಕಿನಲ್ಲಿ ಸಾವಿರಗಟ್ಟಲೆ ಫೋಟೊ ಇದ್ದರೂ ಯಾವುದನ್ನು ತೆರೆದರೂ ಇನ್ಯಾರೋ ತೆಗೆದದ್ದು ಅನ್ನಿಸುತ್ತಿತ್ತು. ಸಾಕಾಗಿ, ಬೇರೆಯವರ ಒಂದೇ ಒಂದು ಫೋಟೊವನ್ನು ಎ4 ಹಾಳೆಯಲ್ಲಿ ಪ್ರಿಂಟು ಹಾಕಿಸಿ ಊಟದ ಮೇಜಿನ ಎದುರಿನ ಗೋಡೆಗೆ ಅಂಟಿಸಿದೆ.

ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ 1932ರಲ್ಲಿ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ತೆಗೆದ ಚಿತ್ರ ಅದು. ನಿಂತ ನೀರಿನ ಮೇಲೆ ಒಬ್ಬ ಜಿಗಿಯುತ್ತಿದ್ದಾನೆ, ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು. ಹಿಂದೆ ಎಷ್ಟೋ ಸಲ ನೋಡಿ, ‘ಆಹಾ, ಎಂಥ ಟೈಮಿಂಗ್’ ಅಂದು ಮುಂದಕ್ಕೆ ಹೋಗಿದ್ದೆ.

ಈಗ ಎರಡು ಹೊತ್ತೂ ಅನ್ನದ ಜೊತೆ ಅದೇ ಚಿತ್ರ. ಮೊದಲ ವಾರ ಜಿಗಿಯುವವನನ್ನು ಬಿಟ್ಟು ಕಣ್ಣು ಕದಲಲಿಲ್ಲ. ಆಮೇಲೆ ಹಿಂದಿನ ಗೋಡೆಯ ಪೋಸ್ಟರಿನಲ್ಲಿ ಹಾರುತ್ತಿರುವ ನರ್ತಕಿ ಕಂಡಳು. ಇವನು ಬಲಕ್ಕೆ, ಅವಳು ಎಡಕ್ಕೆ. ನೀರಿನಲ್ಲಿ ಬಿದ್ದಿರುವ ಬಾಗಿದ ಪಟ್ಟಿಗಳಿಗೂ ನೀರಿನ ಅಲೆಗೂ ಒಂದೇ ಆಕಾರ. ದೂರದಲ್ಲಿ ಕಂಬಿಬೇಲಿಯ ಹತ್ತಿರ ಇನ್ನೊಬ್ಬ ಸುಮ್ಮನೆ ನಿಂತಿದ್ದಾನೆ. ಅವನು ಕಣ್ಣಿಗೆ ಬೀಳಲು ನನಗೆ ಹದಿನೈದು ದಿನ ಹಿಡಿಯಿತು!

ಬಟರ್ ಪೇಪರ್ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದಾಗ ಇನ್ನೊಂದು ಗೊತ್ತಾಯಿತು. ಓಡುವವರ ಮುಂದೆ ಜಾಗ ಬಿಡಬೇಕು ಅಂತ ನಮಗೆಲ್ಲ ಕಲಿಸುತ್ತಾರಲ್ಲ, ಇಲ್ಲಿ ಜಿಗಿಯುವವನು ಬಲ ಅಂಚಿಗೇ ಹತ್ತಿ ಕೂತಿದ್ದಾನೆ. ಇನ್ನೊಂದು ಹೆಜ್ಜೆ ಇಟ್ಟರೆ ಫ್ರೇಮಿನಿಂದಲೇ ಆಚೆ. ಆ ಇಕ್ಕಟ್ಟೇ ಚಿತ್ರದ ಜೀವ. ನಿಯಮಗಳ ಬಗ್ಗೆ ನನಗಿದ್ದ ಅರ್ಧ ಭಕ್ತಿ ಅವತ್ತೇ ಇಳಿಯಿತು.

ಬ್ರೆಸಾನ್ ಇದನ್ನು ತೆಗೆದದ್ದು ಹಲಗೆ ಬೇಲಿಯ ಸಂದಿಯಿಂದ. ಎಡಗಡೆ ಹಲಗೆ ಅಡ್ಡ ಬಂದಿದ್ದರಿಂದ, ಕ್ರಾಪ್ ಮಾಡುವುದಕ್ಕೆ ಒಗ್ಗದ ಆ ಮನುಷ್ಯ ಇದನ್ನು ಕತ್ತರಿಸಬೇಕಾಯಿತು. ಇದು ತಿಳಿದ ಮೇಲೆ ಯಾರ ಚಿತ್ರ ನೋಡಿದರೂ ನಾನು ಕೇಳುವ ಮೊದಲ ಪ್ರಶ್ನೆ ಬದಲಾಯಿತು: ತೆಗೆದವರ ಕಾಲು ಎಲ್ಲಿತ್ತು?

ಉತ್ತರ ಚಿತ್ರದಲ್ಲೇ ಇರುತ್ತದೆ. ಸಮತಟ್ಟು ನೆಲದ ಮೇಲೆ ನಿಂತವರ ಸೊಂಟದ ಮಟ್ಟದಲ್ಲಿ ದಿಗಂತದ ಗೆರೆ ಹಾದುಹೋದರೆ ಕ್ಯಾಮೆರಾ ಇದ್ದದ್ದೂ ಅದೇ ಎತ್ತರದಲ್ಲಿ. ಕಣ್ಣಿನ ಮಟ್ಟದಲ್ಲಿ ಹಾದರೆ ಕಣ್ಣೆತ್ತರದಲ್ಲಿ. ಮುಖ ಹತ್ತಿರದಲ್ಲಿದ್ದರೆ ಕಣ್ಣುಗುಡ್ಡೆಯಲ್ಲಿ ಮಿನುಗುವ ಬಿಳಿ ಚುಕ್ಕಿ ನೋಡಿ, ಬೆಳಕು ಕಿಟಕಿಯದ್ದೋ ಫ್ಲಾಷಿನದ್ದೋ ತಿಳಿಯುತ್ತದೆ. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯವನ್ನು ಕಪ್ಪು ಬಿಳುಪಿನಲ್ಲಿ ಹಿಡಿದವರು. ಅವರ ಚಿತ್ರಗಳನ್ನು ಹೀಗೆ ನೋಡುವಾಗ, ಇಷ್ಟು ಹತ್ತಿರ ಹೋಗಲು ಎದುರಿನವರು ಹೇಗೆ ಬಿಟ್ಟರು ಅನ್ನುವುದೇ ನನ್ನ ಪ್ರಶ್ನೆಯಾಗಿಬಿಡುತ್ತಿತ್ತು.

ಕೊನೆಗೆ ‘ಕಾಲು ಎಲ್ಲಿತ್ತು’ ಅನ್ನುವ ಪ್ರಶ್ನೆಯನ್ನು ನನ್ನ ಫೋಟೊಗಳಿಗೂ ಹಾಕಿದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ತೆಗೆದಿದ್ದ ನಲವತ್ತನ್ನು ಚಿಕ್ಕದಾಗಿ ಪ್ರಿಂಟು ಹಾಕಿಸಿ ನೆಲದ ಮೇಲೆ ಹರಡಿದೆ. ಕುಂಕುಮದ ರಾಶಿ, ಬಾಳೆಗೊನೆ, ಹೂವಿನ ಕುಕ್ಕೆ ಎಲ್ಲ ಇತ್ತು. ಆದರೆ ನಲವತ್ತರಲ್ಲಿ ಮೂವತ್ತೇಳನ್ನು ನಿಂತು, ನನ್ನ ಕಣ್ಣೆತ್ತರದಿಂದ, ಸುಮಾರು ಆರಡಿ ದೂರದಿಂದ ತೆಗೆದಿದ್ದೆ. ಆ ಆರಡಿ ಎಲ್ಲಿಂದ ಬಂತು ಅಂತ ಯೋಚಿಸಿದರೆ, ಅದು ಅಲ್ಲಿನ ಓಣಿಯ ಅಗಲ. ಈಚೆ ಬದಿಯ ಅಂಗಡಿಗೆ ಬೆನ್ನು ಕೊಟ್ಟು ಆಚೆ ಬದಿಯನ್ನು ತೆಗೆದಿದ್ದೆ. ಓಣಿ ದಾಟಿ ಒಬ್ಬರ ಹತ್ತಿರ ಹೋಗಿ ಮಾತಾಡಲು ಸಂಕೋಚ. ಲೆನ್ಸು ಬದಲಿಸಿದರೆ ಹೋಗುವ ಕಾಯಿಲೆಯಲ್ಲ ಇದು. (ಎರಡು ಲೆನ್ಸು ಕೊಂಡ ಮೇಲೆ ಹೇಳುತ್ತಿದ್ದೇನೆ.)

ಮಳೆ ಬಿಟ್ಟ ಒಂದು ಬೆಳಿಗ್ಗೆ ಚಿಕ್ಕ ಗಡಿಯಾರ ಗೋಪುರದ ಕಡೆಯಿಂದ ಮಾರುಕಟ್ಟೆಯ ಒಳಗೆ ಹೋಗಿ, ಹೂವಿನ ಸಾಲಿನಲ್ಲಿ ಒಬ್ಬ ಅಜ್ಜಿಯ ಮುಂದೆ ನಿಂತೆ. ಏನು ಹೇಳಬೇಕೋ ತೋಚಲಿಲ್ಲ.

“ಹೂವು ಬೇಕಾ ಸ್ವಾಮಿ?”

“ಎರಡು ಮೊಳ ಮಲ್ಲಿಗೆ ಕೊಡಿ ಅಜ್ಜಿ. ಒಂದು ಫೋಟೊ ತೆಗೀಲಾ?”

“ತೆಗ್ದು ಏನ್ ಮಾಡ್ತೀಯಪ್ಪ ಈ ಮುದ್ಕಿ ಫೋಟೊ? ಕೂತ್ಕೊ, ದಾರಿಗೆ ಅಡ್ಡ ನಿಲ್ಬೇಡ.”

ಪಕ್ಕದಲ್ಲಿ ಬೋರಲು ಹಾಕಿದ್ದ ಟೊಮೆಟೊ ಕ್ರೇಟಿನ ಮೇಲೆ ಕೂತೆ. ನಿಂತಾಗ ಬರೀ ಹೂವಿನ ರಾಶಿ ಕಂಡಿತ್ತು. ಕೂತ ಮೇಲೆ ಕಂಡದ್ದು ಕೈ. ಬೆರಳತುದಿಯಿಂದ ಮೊಣಕೈವರೆಗೆ ದಂಡೆ ಎಳೆದು ಅಳೆಯುವಾಗ ಆ ತೋಳು ಫ್ರೇಮಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಚಾಚುತ್ತದೆ, ಟಾರ್ಪಾಲಿನ ಸಂದಿಯ ಬೆಳಕು ಸರಿಯಾಗಿ ಮೊಣಕೈ ಮೇಲೆ ಬೀಳುತ್ತದೆ. ಹನ್ನೊಂದು ಫೋಟೊ ತೆಗೆದೆ. ಒಂಬತ್ತನೆಯದು ಪರವಾಗಿಲ್ಲ.

ಅದನ್ನೂ ಪ್ರಿಂಟು ಹಾಕಿಸಿ ಗೋಡೆಗೆ ಅಂಟಿಸಿದ್ದೇನೆ. ಒಂದು ವಾರ ನೋಡಿದ ಮೇಲೆ ಕೆಳಗಿನ ಎಡ ಮೂಲೆಯಲ್ಲಿ ಕಪ್ಪಗೆ ಏನೋ ಇದೆ ಅನ್ನಿಸಿತು. ಭೂತಗನ್ನಡಿ ಹಿಡಿದು ನೋಡಿದೆ. ನನ್ನದೇ ಚಪ್ಪಲಿಯ ತುದಿ. ಕತ್ತರಿಸಿಲ್ಲ, ಹಾಗೇ ಬಿಟ್ಟಿದ್ದೇನೆ.